ಹೊಸ ಬ್ರೇಕು ಹಿಡಿಯದುದೇಕೆ?

ಕಳೆದ ಮಾರ್ಚಿ ತಿಂಗಳ ಒಂದು ಸಾಯಂಕಾಲ ನಮ್ಮ ನೆರೆಯ ಗೃಹಸ್ಥರೊಬ್ಬರು ಒಂದು ಬಿಳಿಯ ಹಾಳೆಯನ್ನೂ ಲೇಖನಿಯನ್ನೂ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ತಾಯಲೂರಿನಲ್ಲಿ ಅರ್ಜಿ ಬರೆಯಿಸಬೇಕಾದವರು ನಮ್ಮಲ್ಲಿಗೆ ಬರುವುದು ಹೊಸದಲ್ಲ. ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ನಮಗೆ ಉಳಿದಿರುವ ಅಧಿಕಾರವು ಇದೊಂದೇ. ಆದರೆ ಆ ದಿನ ಅವರು ಬರೆಯಿಸಬೇಕೆಂದಿದ್ದ ಅರ್ಜಿಯು ನಮ್ಮ ಮನಸ್ಸಿಗೆ ಒಗ್ಗಲಿಲ್ಲ. ರಸ್ತೆಯ ಬದಿಯಲ್ಲಿ ಗಾಡಿ ರಿಪೇರಿಯ ಅಂಗಡಿಯನ್ನಿಟ್ಟುಕೊಂಡಿರುವ ಹುಡುಗನೊಬ್ಬನನ್ನು ಆ ಸ್ಥಳದಿಂದ ಎಬ್ಬಿಸಬೇಕೆಂಬುದೇ ಅದರ ತಾತ್ಪರ್ಯ. ಆ ಹುಡುಗನು ಏಳನೆಯ ತರಗತಿಯಲ್ಲಿ ನಮ್ಮ ಬಳಿ ಓದಿದವನು. ವಿಭಕ್ತಿಪ್ರತ್ಯಯಗಳು ಅವನಿಗೆ ಎಂದೂ ಹತ್ತಲಿಲ್ಲವೆಂಬುದು ನಿಜ. ಕೈಗೆಲಸದಲ್ಲಿ ಮಾತ್ರ ಅವನಿಗೆ ಸಮನಾದವರು ತರಗತಿಯಲ್ಲಿರಲಿಲ್ಲ.

ನಡೆದ ಸಂಗತಿ ಇದು. ಗೃಹಸ್ಥರು ಹಿಂದಿನ ದಿನ ತಮ್ಮ ಮೋಟಾರ್ ಸೈಕಲ್ಲಿಗೆ ಮುಂದಕ್ಕೂ ಹಿಂದಕ್ಕೂ ಹೊಸ ಬ್ರೇಕ್ ಶೂಗಳನ್ನು ಹಾಕಿಸಿದ್ದರು. ಮರುದಿನ ಬೆಳಗ್ಗೆ ಮಗಳಿಗೆ ಹತ್ತನೆಯ ತರಗತಿಯ ಪರೀಕ್ಷೆ. ಅವಳನ್ನು ಹಿಂದೆ ಕೂರಿಸಿಕೊಂಡು ಮುಳಬಾಗಿಲಿಗೆ ಹೊರಟವರು, ಕೆರೆಯ ಏರಿಯಿಂದ ಇಳಿಯುವಲ್ಲಿ ಕುರಿಗಳ ಹಿಂಡೊಂದು ಅಡ್ಡಬರಲು ಬ್ರೇಕನ್ನು ತುಳಿದರು. ಗಾಡಿಯು ನಿಲ್ಲಲಿಲ್ಲ. ಇದ್ದ ಬಲವನ್ನೆಲ್ಲ ಬಿಟ್ಟು ತುಳಿದರೂ ಅದು ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಕುರಿಗಳನ್ನು ತಪ್ಪಿಸಲು ಹೊಲದ ಬದುವಿಗೆ ತಿರುಗಿಸಿದರು, ಇಬ್ಬರೂ ಬಿದ್ದರು. ಮಗುವಿನ ಮೊಣಕಾಲು ತರಚಿ, ಹಾಲ್ ಟಿಕೆಟ್ಟು ಕೆಸರಿನಲ್ಲಿ ಬಿದ್ದಿತು. ಅವಳು ಕರವಸ್ತ್ರವನ್ನು ಕಾಲಿಗೆ ಕಟ್ಟಿಕೊಂಡೇ ಪರೀಕ್ಷೆಯನ್ನು ಬರೆದು ಬಂದಳು. “ಹಳೆಯ ಶೂಗಳೇ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತಿದ್ದುವು, ಮೇಷ್ಟ್ರೇ. ಹೊಸದಕ್ಕೆ ಹಣ ಕೊಟ್ಟು ಪ್ರಾಣಕ್ಕೆ ಸಂಚಕಾರ ತಂದುಕೊಂಡೆ. ಆ ಹುಡುಗ ಖೋಟಾ ಮಾಲು ಹಾಕಿದ್ದಾನೆ,” ಎಂದು ಅವರು ಹೇಳುವಾಗ ಅವರ ಕೈ ಇನ್ನೂ ನಡುಗುತ್ತಿದ್ದಿತು. ತಂದೆಯಾದವನ ಕೋಪವನ್ನು ನಾವು ಅಲ್ಲಗಳೆಯಲಾರೆವು. ಆದರೂ ಒಂದು ದಿನ ತಡೆಯಿರೆಂದೂ, ಚಕ್ರವನ್ನು ಬಿಚ್ಚಿ ನೋಡಿದ ಮೇಲೆ ಅರ್ಜಿಯನ್ನು ಬರೆಯುವೆವೆಂದೂ ಹೇಳಿ ಕಳುಹಿಸಿದೆವು.

ಹೊಸ ಬ್ರೇಕು ಹಳೆಯದಕ್ಕಿಂತ ಕಡಿಮೆ ಹಿಡಿಯುವುದೆಂದರೆ ಕೇಳಿದವರಿಗೆ ವಿಚಿತ್ರವಾಗಿ ತೋರುವುದು. ಹೊಸ ಕತ್ತಿಯು ಹಳೆಯ ಕತ್ತಿಗಿಂತ ಮೊಂಡೆಂದರೆ ಯಾರು ನಂಬಿಯಾರು? ಆದರೆ ಬ್ರೇಕಿನ ಸ್ವಭಾವವು ಕತ್ತಿಯದಲ್ಲ, ಪಾದರಕ್ಷೆಯದು. ಹೊಸ ಚಪ್ಪಲಿಯು ಕಾಲಿಗೆ ಕೂಡುವವರೆಗೂ ಎಲ್ಲೋ ಒಂದು ಕಡೆ ಮಾತ್ರ ತಾಕುತ್ತಿರುವುದಷ್ಟೆ, ಇದೂ ಹಾಗೆಯೇ. ಇಂಗ್ಲಿಷರು ಈ ಉಪಕರಣಕ್ಕೆ ‘ಶೂ’ ಎಂಬ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯ ಗುಡ್ಡಗಾಡಿನಲ್ಲಿ ಕುದುರೆಯ ಗಾಡಿಯವರು ಇಳಿಜಾರಿನಲ್ಲಿ ಮರದ ತಡೆಗಟ್ಟಿಗೆ ಹಳೆಯ ಬೂಟಿನ ತೊಗಲನ್ನು ಕಟ್ಟುತ್ತಿದ್ದುದನ್ನು ಕಂಡು, ಹರ್ಬರ್ಟ್ ಫ್ರೂಡ್ ಎಂಬಾತನು ೧೮೯೭ರಲ್ಲಿ ಅದಕ್ಕಿಂತ ಉತ್ತಮವಾದ ಹಿಡಿತದ ವಸ್ತುವನ್ನು ಮಾಡಲು ತೊಡಗಿದನೆಂದು ಹೇಳುತ್ತಾರೆ. ಫ್ರಾನ್ಸಿನ ಲೂಯಿ ರೆನೋ ಎಂಬಾತನು ಡ್ರಮ್ಮಿನ ಬ್ರೇಕನ್ನು ರೂಪಿಸಿದುದು ೧೯೦೨ರಲ್ಲಿ. ಇಂಗ್ಲೆಂಡಿನ ಲ್ಯಾಂಚೆಸ್ಟರನು ಡಿಸ್ಕ್ ಬ್ರೇಕಿಗೆ ಹಕ್ಕುಪತ್ರವನ್ನು ಪಡೆದುದೂ ಅದೇ ವರ್ಷ.

ಮರುದಿನ ಸಂಜೆ ಅಂಗಡಿಯ ಮುಂದೆ ಚಕ್ರವನ್ನು ಬಿಚ್ಚಲಾಯಿತು. ಹುಡುಗನ ಮುಖವು ಬಿಳಿಚಿಕೊಂಡಿದ್ದಿತು. ಗೃಹಸ್ಥರು ಕೈಕಟ್ಟಿಕೊಂಡು ನಿಂತಿದ್ದರು. ಮೊದಲು ಒಂದು ಮಾತನ್ನು ಹೇಳಿಬಿಡಬೇಕು. ಡ್ರಮ್ಮನ್ನು ತೆರೆದೊಡನೆ ಒಳಗಿನ ಕಪ್ಪು ಹುಡಿಯನ್ನು ಬಾಯಿಂದ ಊದಿ ಹಾರಿಸುವುದು ನಮ್ಮ ಕಡೆಯ ಎಲ್ಲ ಅಂಗಡಿಗಳಲ್ಲಿಯೂ ವಾಡಿಕೆ. ಇದು ಕೂಡದು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಎಳೆಗಳು ಪುಪ್ಪುಸಕ್ಕೆ ಸೇರಿದರೆ ಎಷ್ಟೋ ವರ್ಷಗಳ ಮೇಲೆ ಪ್ರಾಣಾಂತಕವಾದ ವ್ಯಾಧಿಯನ್ನು ತರುವುವು. ಒದ್ದೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡತಕ್ಕುದು. ಹುಡುಗನು ಊದಲು ಬಗ್ಗಿದನು. ನಾವು ಹಿಂದಿನ ಅಭ್ಯಾಸದಂತೆ ಗದರಿಸಿದೆವು. ಅವನೂ ಹಿಂದಿನ ಅಭ್ಯಾಸದಂತೆ ಕೈಕಟ್ಟಿ ನಿಂತನು.

ಹಿಂದಿನ ಚಕ್ರದ ಎರಡು ಶೂಗಳನ್ನೂ ಬೆಳಕಿಗೆ ಹಿಡಿದು ನೋಡಲಾಗಿ, ಪ್ರತಿಯೊಂದರ ನಡುವೆ ಎರಡು ಬೆರಳಗಲದ ಜಾಗವು ಮಾತ್ರ ಉಜ್ಜಿ ಹೊಳೆಯುತ್ತಿದ್ದಿತು. ಉಳಿದುದೆಲ್ಲ ಪೊಟ್ಟಣದಿಂದ ತೆಗೆದಾಗ ಹೇಗಿತ್ತೋ ಹಾಗೆಯೇ ಇತ್ತು. ಅನ್ನವು ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಚುಕಿ ನೋಡಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯವನ್ನು ನಾವು ಮೂವತ್ತು ವರ್ಷ ಬೋಧಿಸಿದ್ದೇವೆ. ಬ್ರೇಕಿನ ವಿಷಯದಲ್ಲಿ ಅದು ನಡೆಯದು. ಒಂದು ಕಡೆ ತಾಕಿದ ಮಾತ್ರಕ್ಕೆ ಎಲ್ಲ ಕಡೆಯೂ ತಾಕಿತೆಂದು ತಿಳಿಯಲಾಗದು. ಕಾರಣವೇನೆಂದರೆ, ಡ್ರಮ್ಮು ವರ್ಷಾನುವರ್ಷ ಸವೆದು ಅದರ ಒಳವೃತ್ತವು ಕೊಂಚ ದೊಡ್ಡದಾಗಿರುತ್ತದೆ. ಹೊಸ ಶೂವಿನ ಬಾಗು ಹೊಸ ಡ್ರಮ್ಮಿಗೆ ಹೊಂದುವಂಥದು. ದೊಡ್ಡ ವೃತ್ತದೊಳಗೆ ಚಿಕ್ಕ ಬಾಗನ್ನು ಒತ್ತಿದರೆ ನಡುವಿನ ಭಾಗವು ಮಾತ್ರ ತಾಗುವುದು. ಆ ಎರಡು ಬೆರಳಗಲವು ಇಡೀ ಗಾಡಿಯ ಭಾರವನ್ನು ತಡೆಯಬೇಕಾಗಿ ಬಂದು, ಕ್ಷಣದಲ್ಲಿ ಕಾದು, ಮೇಲೆ ಗಾಜಿನಂತೆ ನಯವಾಗಿ, ಹಿಡಿತವನ್ನು ಬಿಡುವುದು. ಹಳೆಯ ಶೂಗಳು ಎಷ್ಟೇ ತೆಳುವಾಗಿರಲಿ, ಡ್ರಮ್ಮಿನೊಡನೆ ಬಹುಕಾಲ ಸವೆದು ಅದರ ಆಕಾರಕ್ಕೆ ತಾವೂ ಬಂದಿದ್ದುವು. ಗೃಹಸ್ಥರ ಮಾತು ಸುಳ್ಳಾಗಿರಲಿಲ್ಲ. ಅದರಿಂದ ಅವರು ತೆಗೆದ ನಿರ್ಣಯವು ಮಾತ್ರ ತಪ್ಪು. ಮಾಲು ಖೋಟಾ ಆಗಿರಲಿಲ್ಲ.

“ಎರಡು ದಿನ ನಿಧಾನವಾಗಿ ಓಡಿಸಿ ಎಂದು ಹೇಳಿದ್ದೆ,” ಎಂದು ಹುಡುಗನು ಮೆಲ್ಲನೆ ಹೇಳಿದನು. ಗೃಹಸ್ಥರಿಗೆ ಅದು ನೆನಪಿಲ್ಲ. ಆಗ ಅವರು ವಡ್ಡಹಳ್ಳಿಯ ಮಂಡಿಯಲ್ಲಿ ಟೊಮೇಟೊ ಧಾರಣೆ ಎಷ್ಟೆಂದು ಫೋನಿನಲ್ಲಿ ವಿಚಾರಿಸುತ್ತಿದ್ದರಂತೆ.

ಇಷ್ಟಕ್ಕೇ ಹುಡುಗನು ನಿರ್ದೋಷಿಯೆಂದು ತೀರ್ಪು ಕೊಡುವಂತಿರಲಿಲ್ಲ. ಮುಂದಿನ ಚಕ್ರವನ್ನು ಬಿಚ್ಚಿದಾಗ ಒಂದು ಶೂವಿನ ಅಂಚಿನಲ್ಲಿ ಗ್ರೀಸಿನ ಜಿಡ್ಡು ಕಂಡಿತು. ಶೂಗಳನ್ನು ಅಗಲಿಸುವ ಕ್ಯಾಮಿಗೆ ತುಸು ಗ್ರೀಸನ್ನು ಸವರಬೇಕಾದುದು ಸರಿಯೆ; ಆದರೆ ಅದು ತಿಲಕವಿಟ್ಟಷ್ಟೇ ಇರಬೇಕು. ಹೆಚ್ಚಾದರೆ ಕಾವಿಗೆ ಕರಗಿ ಲೈನರಿಗೆ ಇಳಿಯುವುದು. ಹುಡುಗನು ನಾಲಗೆಯನ್ನು ಕಚ್ಚಿಕೊಂಡು, ಪೆಟ್ರೋಲಿನಿಂದ ತೊಳೆದುಕೊಡುವೆನೆಂದನು. ಬೇಡವೆಂದೆವು. ಲೈನರು ಜಿಡ್ಡನ್ನು ಒಳಕ್ಕೆ ಹೀರಿದ ಮೇಲೆ ಮೇಲೆ ತೊಳೆದರೆ ಆ ಹೊತ್ತಿಗೆ ಒಣಗಿದಂತೆ ತೋರುವುದು. ಬಿಸಿಯಾದೊಡನೆ ಮತ್ತೆ ಹೊರಕ್ಕೆ ಬರುವುದು. ಅಂಥ ಶೂಗಳನ್ನು ಜೋಡಿಯಾಗಿಯೇ ಎಸೆಯಬೇಕು. ಅವನು ತನ್ನ ಖರ್ಚಿನಿಂದಲೇ ಬೇರೆ ಜೋಡಿಯನ್ನು ತಂದನು.

ಈ ವಿಷಯದಲ್ಲಿ ಅವನನ್ನು ಹೆಚ್ಚು ಗದರಿಸಲು ನಮಗೆ ಬಾಯಿ ಬರಲಿಲ್ಲ. ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸದರಲ್ಲಿ ನಮ್ಮ ಬೈಸಿಕಲ್ಲಿನ ಬ್ರೇಕು ಕಿರುಗುಟ್ಟುತ್ತಿದ್ದಿತು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಹಾಕುವಂತೆ ನಾವು ಆ ರಬ್ಬರಿಗೂ ಚಕ್ರದ ಅಂಚಿಗೂ ಕೊಬ್ಬರಿ ಎಣ್ಣೆಯನ್ನು ಹಚ್ಚಿ, ಸದ್ದು ನಿಂತಿತೆಂದು ಸಂತೋಷಪಟ್ಟು ಹೊರಟೆವು. ಸದ್ದಿನೊಡನೆ ಬ್ರೇಕೂ ನಿಂತಿದ್ದಿತೆಂಬುದು ಕಾಲುವೆಯೊಳಗೆ ಬಿದ್ದ ಮೇಲೆ ತಿಳಿಯಿತು. ಆ ದಿನ ಶಾಲೆಗೆ ಒದ್ದೆಯ ಪಂಚೆಯಲ್ಲೇ ಹೋದೆವು.

ಮೂರನೆಯದು ಸೂಕ್ಷ್ಮವಾದ ದೋಷ. ಕ್ಯಾಮಿನ ಹೊರತುದಿಗೆ ಹಲ್ಲುಗಳಿದ್ದು, ಅದರ ಮೇಲೆ ಒಂದು ಚಿಕ್ಕ ಲಿವರು ಕೂಡಿಕೊಂಡಿರುತ್ತದೆ; ಕಡ್ಡಿಯಾಗಲಿ ಕೇಬಲ್ಲಾಗಲಿ ಎಳೆಯುವುದು ಈ ಲಿವರನ್ನು. ಬ್ರೇಕು ಹಿಡಿದ ಸಮಯದಲ್ಲಿ ಎಳೆಯುವ ಕಡ್ಡಿಗೂ ಲಿವರಿಗೂ ನಡುವೆ ಸುಮಾರು ೯೦ ಅಂಶದ ಕೋನವಿದ್ದರೆ ಬಲವೆಲ್ಲವೂ ಕೆಲಸಕ್ಕೆ ಬರುವುದು. ೬೦ ಅಂಶಕ್ಕೆ ಇಳಿದರೆ ಬಲದಲ್ಲಿ ಎಂಟರಲ್ಲೊಂದು ಪಾಲು ವ್ಯರ್ಥ. ೪೫ಕ್ಕೆ ಇಳಿದರೆ ನೂರಕ್ಕೆ ೩೦ರಷ್ಟು ವ್ಯರ್ಥ. ಈ ಗಾಡಿಯ ಹಳೆಯ ಶೂಗಳು ಸವೆದಿದ್ದಾಗ ಯಾರೋ ಲಿವರನ್ನು ಕಿತ್ತು ಹಲ್ಲು ಜರುಗಿಸಿ ಕೂರಿಸಿದ್ದರು. ಸವೆದ ಶೂವಿಗೆ ಅದು ಸರಿಯಾಗಿತ್ತೇನೋ. ದಪ್ಪನಾದ ಹೊಸ ಶೂ ಬಂದ ಮೇಲೆ ಕ್ಯಾಮು ಅಷ್ಟು ತಿರುಗಬೇಕಾದುದಿಲ್ಲ. ಲಿವರು ಕೋನಕ್ಕೆ ಬರುವ ಮೊದಲೇ ಶೂ ತಾಗಿಬಿಡುವುದು. ಹುಡುಗನು ಹೇಗಿತ್ತೋ ಹಾಗೆ ಕೂರಿಸಿದ್ದನು. ಕ್ಯಾಮಿನ ಮೇಲೂ ಲಿವರಿನ ಮೇಲೂ ಕಾರ್ಖಾನೆಯವರು ಹಾಕಿದ ಚುಕ್ಕೆಗಳನ್ನು ಎದುರುಬದುರಾಗಿ ಕೂಡಿಸಬೇಕಾಗಿತ್ತು. ಲಿಪಿಕಾರನು ಮೂಲದ ತಪ್ಪನ್ನೂ ನಕಲು ಮಾಡಿದಂತಾಯಿತು.

ಇನ್ನು ಗೃಹಸ್ಥರ ಪಾಲಿಗೆ ಬರುವ ದೋಷವನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಮುಂದಿನ ಬ್ರೇಕಿನ ಕೇಬಲ್ಲು ಒಳಗೆ ತುಕ್ಕು ಹಿಡಿದು, ಎರಡೆಳೆ ಕಡಿದಿದ್ದಿತು. ಬದಲಿಸಬೇಕೆಂದು ಹುಡುಗನು ಹೇಳಿದುದಕ್ಕೆ, “ಹೇಗೂ ನಾನು ಮುಂದಿನ ಬ್ರೇಕನ್ನು ಹಿಡಿಯುವುದೇ ಇಲ್ಲ, ಅದಕ್ಕೇಕೆ ದಂಡ?” ಎಂದು ಇವರು ಉತ್ತರ ಕೊಟ್ಟಿದ್ದರು. ಮುಂದಿನದನ್ನು ಹಿಡಿದರೆ ಗಾಡಿಯು ಮೊಗಚಿಕೊಳ್ಳುವುದೆಂಬ ಭಯವು ನಮ್ಮ ಊರುಗಳಲ್ಲಿ ಅನೇಕರಿಗುಂಟು. ಗಾಡಿಯನ್ನು ತಡೆದಾಗ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ. ಎತ್ತು ಥಟ್ಟನೆ ನಿಂತಾಗ ಗಾಡಿಯಲ್ಲಿ ಕುಳಿತವರು ಮುಂದಕ್ಕೆ ಬೀಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದಿನ ಚಕ್ರವು ನೆಲವನ್ನು ಬಲವಾಗಿ ಒತ್ತುವುದರಿಂದ ತಡೆಯುವ ಕೆಲಸದ ಹೆಚ್ಚಿನ ಪಾಲು ಅದರದೇ. ಹಿಂದಿನದೊಂದನ್ನೇ ತುಳಿಯುವವನು ತನ್ನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಮನೆಯಲ್ಲಿ ಬಿಟ್ಟು ಹೊರಟಂತೆ. ಗಾಡಿಯು ನೇರವಾಗಿರುವಾಗ ಎರಡನ್ನೂ ಒಟ್ಟಿಗೆ, ಮೆದುವಾಗಿ ತೊಡಗಿ ಬಲವಾಗಿ ಮುಗಿಸುವಂತೆ ಹಿಡಿಯಬೇಕು. ಮರಳಿನ ಮೇಲೂ ತಿರುವಿನಲ್ಲಿಯೂ ಮುಂದಿನದನ್ನು ಥಟ್ಟನೆ ಅದುಮಬಾರದು. ಜನರ ಈ ಅಭ್ಯಾಸವನ್ನು ಬಲ್ಲ ಸರ್ಕಾರವು ೨೦೧೯ನೆಯ ಏಪ್ರಿಲ್ ೧ರಿಂದ, ೧೨೫ ಸಿ.ಸಿ.ವರೆಗಿನ ಹೊಸ ದ್ವಿಚಕ್ರಗಳಲ್ಲಿ ಕಾಲ್ಬ್ರೇಕನ್ನು ತುಳಿದರೆ ಮುಂದಿನದೂ ಕೊಂಚ ಹಿಡಿಯುವಂಥ ಜೋಡಿ ಏರ್ಪಾಡಾದರೂ, ಅದಕ್ಕೆ ಮೇಲ್ಪಟ್ಟವುಗಳಲ್ಲಿ ಚಕ್ರವು ಜಾರದಂತೆ ತಡೆಯುವ ಎ.ಬಿ.ಎಸ್. ಏರ್ಪಾಡೂ ಇರಬೇಕೆಂದು ವಿಧಿಸಿತು. ನಮ್ಮ ಗೃಹಸ್ಥರ ಗಾಡಿಯು ಅದಕ್ಕಿಂತ ಹಳೆಯದು.

ಇಷ್ಟೆಲ್ಲವೂ ಒಂದೇ ಕಡೆ ಕೂಡಿದರೆ ಆಗುವುದೇನೆಂಬುದನ್ನು ಲೆಕ್ಕಮಾಡಿ ನೋಡಿದೆವು. ಗಂಟೆಗೆ ೪೦ ಕಿಲೋಮೀಟರಿನ ವೇಗವೆಂದರೆ ಸೆಕೆಂಡಿಗೆ ೧೧ ಮೀಟರು. ಅಡ್ಡಬಂದುದನ್ನು ಕಣ್ಣು ಕಂಡು ಕಾಲು ತುಳಿಯುವುದರೊಳಗೆ ಒಂದು ಸೆಕೆಂಡು ಕಳೆಯುತ್ತದೆ. ಆ ೧೧ ಮೀಟರು ಹೋದಂತೆಯೇ ಸರಿ. ಚೆನ್ನಾಗಿ ಹಿಡಿಯುವ ಬ್ರೇಕು ಆಮೇಲೆ ಸುಮಾರು ೧೨ ಮೀಟರಿನಲ್ಲಿ ನಿಲ್ಲಿಸುವುದು. ಹಿಡಿತವು ಅರ್ಧಕ್ಕಿಳಿದರೆ ೨೫ ಮೀಟರು ಬೇಕು. ನಮ್ಮ ಊರಿನ ಬೀದಿಗಳಲ್ಲಿ ಆ ಹೆಚ್ಚಿನ ೧೩ ಮೀಟರಿನೊಳಗೆ ಮೂರು ಮನೆಗಳ ಬಾಗಿಲುಗಳೂ, ಅವುಗಳ ಮುಂದೆ ಆಡುವ ಮಕ್ಕಳೂ ಇರುತ್ತಾರೆ. ವೇಗವು ೬೦ ಆದರೆ, ವೇಗದ ವರ್ಗಕ್ಕನುಸಾರವಾಗಿ ಬ್ರೇಕು ನುಂಗಬೇಕಾದ ಶಕ್ತಿಯು ಎರಡೂಕಾಲು ಪಟ್ಟಾಗುವುದು. ಹಿಂದೆ ಒಬ್ಬರು ಕುಳಿತರೆ ಅದಕ್ಕೂ ಮೇಲೆ. ಈ ಶಕ್ತಿಯೆಲ್ಲ ಬಿಸಿಯಾಗಿ ಹೊರಡಬೇಕಾದುದು ಆ ಎರಡು ಬೆರಳಗಲದ ಜಾಗದಿಂದಲೇ ಎಂಬುದನ್ನು ಕೇಳಿದ ಮೇಲೆ ಗೃಹಸ್ಥರು ಕಟ್ಟಿದ್ದ ಕೈಯನ್ನು ಬಿಟ್ಟರು.

ಇನ್ನು ಮಾಡಿದ ಕೆಲಸ. ಡ್ರಮ್ಮಿನ ಒಳಮೈಯನ್ನೂ ಶೂಗಳ ಹೊಳಪಾದ ಜಾಗವನ್ನೂ ಒರಟು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ ಮಂಕುಮಾಡಿ ಒರೆಸಿದ್ದಾಯಿತು. ಅನೇಕ ಡ್ರಮ್ಮುಗಳ ಮೇಲೆ ಅದು ಎಷ್ಟರವರೆಗೆ ಸವೆಯಬಹುದೆಂಬ ಅಳತೆಯನ್ನು ಮಿಲಿಮೀಟರುಗಳಲ್ಲಿ ಅಚ್ಚೊತ್ತಿರುತ್ತಾರೆ. ಅದನ್ನು ಮೀರಿದ್ದರೆ ಯಾವ ಹೊಸ ಶೂವಿನಿಂದಲೂ ಫಲವಿಲ್ಲ. ಇದು ಮೀರಿರಲಿಲ್ಲ. ಕೇಬಲ್ಲನ್ನು ಬದಲಿಸಿ, ಲಿವರನ್ನು ಚುಕ್ಕೆಗೆ ಸರಿಯಾಗಿ ಕೂರಿಸಲಾಯಿತು. ಚಕ್ರವನ್ನು ಸೇರಿಸುವಾಗ ಹುಡುಗನು ಒಂದು ಉಪಾಯವನ್ನು ಮಾಡಿದನು. ಅದನ್ನು ನಾವು ಅವನಿಂದಲೇ ಕಲಿತೆವು. ಆಕ್ಸಲಿನ ನಟ್ಟನ್ನು ಸಡಿಲವಾಗಿಯೇ ಇಟ್ಟು, ಚಕ್ರವನ್ನು ತಿರುಗಿಸಿ, ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ಹಾಗೆ ಹಿಡಿದಿರುವಾಗಲೇ ನಟ್ಟನ್ನು ಬಿಗಿಮಾಡಬೇಕು. ಆಗ ಶೂಗಳನ್ನು ಹೊತ್ತ ತಟ್ಟೆಯು ತಾನಾಗಿ ಡ್ರಮ್ಮಿನ ನಡುಮಧ್ಯಕ್ಕೆ ಬಂದು ಕೂರುವುದು. ಎರಡು ಶೂಗಳೂ ಒಂದೇ ಸಮನಾಗಿ ತಾಗುವುವು. ಮೊದಲ ದಿನ ಅವಸರದಲ್ಲಿ ಇದನ್ನು ಬಿಟ್ಟಿದ್ದೆನೆಂದು ಕೇಳುವ ಮೊದಲೇ ತಾನೇ ಒಪ್ಪಿಕೊಂಡನು. ಹಿಂದಿನ ತಟ್ಟೆಯು ತಿರುಗದಂತೆ ಹಿಡಿಯುವ ಉದ್ದನೆಯ ಕಂಬಿಯ ನಟ್ಟನ್ನೂ ಅದರ ಪಿನ್ನನ್ನೂ ನಾವೇ ಮುಟ್ಟಿ ನೋಡಿದೆವು. ಅದೊಂದು ಕಳಚಿದರೆ ತಟ್ಟೆಯು ಚಕ್ರದೊಡನೆ ಸುತ್ತಿ, ಸವಾರನನ್ನು ಕೆಡಹುವುದರಲ್ಲಿ ಸಂಶಯವಿಲ್ಲ. ಕಾಲ್ಬ್ರೇಕಿನಲ್ಲಿ ಹಿಡಿಯುವ ಮೊದಲು ೨೦ರಿಂದ ೩೦ ಮಿಲಿಮೀಟರಿನಷ್ಟು ಸಡಿಲವನ್ನಿಟ್ಟು, ಚಕ್ರವು ಎಲ್ಲಿಯೂ ಉಜ್ಜದೆ ತಿರುಗುವುದೇ ಎಂದು ಪರೀಕ್ಷಿಸಿದ್ದಾಯಿತು.

ಮರುದಿನ ಪರೀಕ್ಷೆಗೆ ಬಿಡುವು. ಬೆಳಗಿನ ಜಾವ ರಸ್ತೆಯಲ್ಲಿ ಜನವಿಲ್ಲದಾಗ ಹುಡುಗನು ಒಬ್ಬನೇ ಗಾಡಿಯನ್ನು ಸಮನೆಲದಲ್ಲಿ ಓಡಿಸಿ, ೪೦ರ ವೇಗದಿಂದ ೧೦ಕ್ಕೆ ಹದವಾಗಿ ಇಳಿಸಿ, ಬ್ರೇಕನ್ನು ಪೂರ್ತಿ ಬಿಟ್ಟು, ಕೊಂಚ ದೂರ ಗಾಳಿಗೆ ಆರಗೊಟ್ಟು, ಮತ್ತೆ ಹಾಗೆಯೇ ಮಾಡಿದನು. ಹೀಗೆ ೨೦ ಸಲ. ಬ್ರೇಕನ್ನು ಹಿಡಿದುಕೊಂಡೇ ಎಳೆದಾಡಿಸುವುದರಿಂದ ಶೂ ಕೂಡುವುದಿಲ್ಲ, ಸುಡುತ್ತದೆ, ಇದನ್ನು ಮರೆಯಬಾರದು. ಹಿಂತಿರುಗಿ ಬಂದಾಗ ಕಾಲ್ಬ್ರೇಕು ಕೆಳಗಿಳಿದಿದ್ದಿತು. ಅದು ಕೆಟ್ಟುದಲ್ಲ, ಉಬ್ಬುಗಳು ಸವೆದುದರ ಗುರುತು; ನಟ್ಟನ್ನು ತಿರುಗಿಸಿ ಮತ್ತೆ ಸರಿಪಡಿಸಿದನು. ವಾರದ ಮೇಲೆ ಬಿಚ್ಚಿ ನೋಡಿದರೆ ಶೂವಿನ ಮುಕ್ಕಾಲು ಭಾಗಕ್ಕೆ ಡ್ರಮ್ಮು ತಾಗಿದ ಗುರುತು ಇದ್ದಿತು.

ಡಿಸ್ಕ್ ಬ್ರೇಕಿನ ವಿಷಯವನ್ನೂ ಕೇಳುವವರುಂಟು. ಮಾಲೂರಿನಲ್ಲಿರುವ ನಮ್ಮ ಅಳಿಯಂದಿರು ಹೊಸ ಪ್ಯಾಡು ಹಾಕಿಸಿ ಅಂಗಡಿಯಿಂದ ಹೊರಟ ಮೊದಲ ತಿರುವಿನಲ್ಲೇ ಕೈಬ್ರೇಕು ಹಿಡಿಗೆ ತಗಲುವವರೆಗೂ ಬಂದು ಗಾಬರಿಯಾದರು. ಹೊಸ ದಪ್ಪ ಪ್ಯಾಡನ್ನು ಕೂರಿಸಲು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದು ಮತ್ತೆ ಮುಂದೆ ಬಂದು ಪ್ಯಾಡನ್ನು ತಾಗುವವರೆಗೂ ಮೊದಲ ಕೆಲವು ಒತ್ತುಗಳು ವ್ಯರ್ಥವಾಗುವುವು. ಆದುದರಿಂದ ಗಾಡಿಯಾಗಲಿ ಕಾರಾಗಲಿ, ಪ್ಯಾಡು ಬದಲಿಸಿದ ಮೇಲೆ ನಿಂತಲ್ಲಿಯೇ ಹತ್ತಾರು ಸಲ ಬ್ರೇಕನ್ನು ಒತ್ತಿ, ಗಟ್ಟಿಯಾದುದನ್ನು ಕಂಡೇ ಹೊರಡಬೇಕು.

ಹಾಗೆ ಒತ್ತಿದರೂ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ತಿಳಿಯತಕ್ಕುದು. ದ್ರವದ ಮೇಲೆ ಒಂದೆಡೆ ಕೊಟ್ಟ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಪ್ಯಾಸ್ಕಲನು ಹದಿನೇಳನೆಯ ಶತಮಾನದಲ್ಲಿ ತೋರಿಸಿದನು; ಗಾಳಿಯಾದರೋ ಒತ್ತಿದರೆ ಕುಗ್ಗಿ, ನಮ್ಮ ಶ್ರಮವನ್ನು ತಾನೇ ನುಂಗುವುದು. ಕೆಳಗಿನ ಮೂತಿಗೆ ಒಂದು ರಬ್ಬರು ನಳಿಗೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಬ್ರೇಕಿನ ದ್ರವವಿರುವ ಸೀಸೆಯೊಳಗೆ ಮುಳುಗಿಸಿ, ಒಬ್ಬನು ಬ್ರೇಕನ್ನು ಒತ್ತಿಹಿಡಿದಾಗ ಇನ್ನೊಬ್ಬನು ಮೂತಿಯನ್ನು ಸಡಿಲಿಸಿ, ಗುಳ್ಳೆಗಳು ಹೊರಬಂದ ಮೇಲೆ ಬಿಗಿಮಾಡಬೇಕು. ಒತ್ತಿದುದನ್ನು ಬಿಡುವುದು ಅದಾದ ಮೇಲೆಯೇ. ಮೇಲಿನ ಬಟ್ಟಲು ಬರಿದಾಗಲು ಬಿಟ್ಟರೆ ಮಾಡಿದುದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಎ.ಬಿ.ಎಸ್. ಉಳ್ಳ ಗಾಡಿಗಳಿಗೆ ಬೇರೆ ಸಲಕರಣೆಯೇ ಬೇಕಾಗಬಹುದಾದುದರಿಂದ ಅದನ್ನು ಬಲ್ಲ ಅಂಗಡಿಗೆ ಒಪ್ಪಿಸುವುದು ಮೇಲು. ಬಟ್ಟಲಿನ ಮುಚ್ಚಳದ ಮೇಲೆ ಡಾಟ್ ೩, ಡಾಟ್ ೪ ಎಂದು ಬರೆದಿರುವ ದ್ರವವನ್ನೇ ಹಾಕಬೇಕು. ಇಂಜಿನ್ನಿನ ಎಣ್ಣೆ ಹಾಕಿದರೆ ಒಳಗಿನ ರಬ್ಬರುಗಳು ಊದಿ ಬ್ರೇಕು ಕೆಡುವುದು. ಈ ದ್ರವವು ಗಾಳಿಯಿಂದ ನೀರನ್ನು ಹೀರುವ ಸ್ವಭಾವದ್ದು. ಹೊಸ ಡಾಟ್ ೪ ಕನಿಷ್ಠಪಕ್ಷ ೨೩೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದು. ನೀರು ಸೇರಿದ ಮೇಲೆ ಆ ಮಿತಿಯು ೧೫೫ಕ್ಕೆ ಇಳಿಯುವುದು. ಆದುದರಿಂದ ವರ್ಷದಿಂದ ತೆರೆದಿಟ್ಟ ಡಬ್ಬಿಯದನ್ನು ಹಾಕಿಸಿಕೊಳ್ಳಬೇಡಿರಿ.

ಬ್ರೇಕು ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ದೋಷವು ಉಜ್ಜುವ ಮೈಯಲ್ಲಿದೆ: ಜಿಡ್ಡು, ಹೊಳಪು, ಇಲ್ಲವೆ ಹೊಸದು ಇನ್ನೂ ಕೂಡದಿರುವುದು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕಳುಹಿಸುವುದುಂಟು. ಅದನ್ನು ಒರೆಸದೆ ಹಾಕಿದರೆ ಪ್ಯಾಡುಗಳೂ ಹಾಳು. ನಮ್ಮ ಅಳಿಯಂದಿರ ಗಾಡಿಗೆ ಇದ್ದುದು ಗಾಳಿಯೇ.

ಅರ್ಜಿಗೆಂದು ತಂದ ಹಾಳೆಯು ನಮ್ಮ ಜಗಲಿಯಲ್ಲೇ ಉಳಿದಿದ್ದಿತು. ಹುಡುಗನ ಅಂಗಡಿಯಲ್ಲಿ ತೂಗುಹಾಕಲು ಅದರ ಮೇಲೆ ದಪ್ಪಕ್ಷರದಲ್ಲಿ, “ಹೊಸ ಬ್ರೇಕ್ ಹಾಕಿಸಿದವರು ಕೆಲವು ದಿನ ನಿಧಾನವಾಗಿ ಚಲಿಸತಕ್ಕುದು” ಎಂದು ಬರೆದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆ ಮಗು ಬಂದು ಓದಿ, “ನಿಧಾನ ಎಂದರೆ ಎಷ್ಟು, ಮೇಷ್ಟ್ರೇ? ಕೆಲವು ದಿನ ಎಂದರೆ ಎಷ್ಟು ದಿನ? ಅಪ್ಪನಿಗೆ ಇದರಿಂದ ಏನೂ ತಿಳಿಯುವುದಿಲ್ಲ,” ಎಂದಳು. ಮೊಣಕಾಲಿನ ಗಾಯವು ಆಗಲೇ ಒಣಗಿದ್ದಿತು. ನಾವು ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಮತ್ತೆ ಬರೆದೆವು: “ಹೊಸ ಬ್ರೇಕು ಮೊದಲು ಕಡಿಮೆ ಹಿಡಿಯುತ್ತದೆ. ಹಿಂದೆ ಯಾರನ್ನೂ ಕೂರಿಸದೆ, ಮೂಟೆ ಹೇರದೆ, ೪೦ರಿಂದ ೧೦ಕ್ಕೆ ೨೦ ಸಲ ಇಳಿಸಿ, ನಡುನಡುವೆ ಆರಗೊಡಿ. ಆಮೇಲೆ ಇಲ್ಲಿಗೆ ಬಂದು ನಟ್ಟು ಬಿಗಿ ಮಾಡಿಸಿಕೊಳ್ಳಿ, ಅದಕ್ಕೆ ಹಣವಿಲ್ಲ.” ಕಡೆಯ ನಾಲ್ಕು ಮಾತುಗಳನ್ನು ಸೇರಿಸಿಸಿದವನು ಹುಡುಗನು.